ಮುಂಬೈ, ಪುಣೆ, ಗೋವೆಯಲ್ಲಿದ್ದುಕೊಂಡೇ ಕರ್ನಾಟಕದ ಎಲ್ಲ ಪಾಸಿಂಗ್ (ನೋಂದಣಿ) ಗಾಡಿಗಳನ್ನು ಕಾಣಬಹುದೇ? ನೋಂದಣಿ ಫಲಕ ವೀಕ್ಷಕರ ಚರ್ಚೆ

ಮಾಟುಂಗಾ ಪೂರ್ವ (ಚರ್ಚೆ ಆರಂಭಿಸಿದವರು):

ವಾಹನಗಳ ನೋಂದಣಿ ಫಲಕಗಳನ್ನು ಗಮನಿಸಿ, ಬರೆದಿಟ್ಟುಕೊಂಡು, ಪಟ್ಟಿ ಬೆಳೆಸುವ ಹವ್ಯಾಸ ಇಲ್ಲಿನ ಕನ್ನಡಿಗರಲ್ಲಿ ಹಲವರಿಗಿದೆ. ಆದರೆ ಒಬ್ಬರು ಕಂಡದ್ದನ್ನು ಇನ್ನೊಬ್ಬರ ಪಟ್ಟಿಯೊಡನೆ ಹೋಲಿಸಿ ನೋಡುವ ರೂಢಿ ನಮ್ಮಲ್ಲಿ ಬೆಳೆದಿಲ್ಲ. ಆದ್ದರಿಂದ ಈ ಪ್ರಸ್ತಾವ: ಊರಿಗೆ ಹೋದಾಗ ಕಂಡದ್ದನ್ನು ಲೆಕ್ಕಕ್ಕೆ ಹಿಡಿಯದೆ, ನಾವಿರುವ ಮುಂಬೈ, ಪುಣೆ, ಗೋವೆಗಳ ರಸ್ತೆಗಳಲ್ಲೇ ಕರ್ನಾಟಕದ ಆರ್‌ಟಿಒ ಸಂಕೇತಗಳನ್ನೆಲ್ಲ ಕಾಣಲು ಸಾಧ್ಯವೇ ಎಂದು ಒಟ್ಟಾಗಿ ನೋಡೋಣ. ಬೆಂಗಳೂರಿನ ಸಂಕೇತಗಳನ್ನು ಸದ್ಯಕ್ಕೆ ಬದಿಗಿಡಬಹುದು. ಅವು ಎಲ್ಲೆಲ್ಲೂ ಸಿಗುತ್ತವೆ. ನನಗೆ ಆಸಕ್ತಿಯಿರುವುದು ಕೆಎ-24ರ ಬೈಲಹೊಂಗಲ, ಕೆಎ-31ರ ಶಿರಸಿ, ಕೆಎ-46ರ ಸಕಲೇಶಪುರ, ಕೆಎ-69ರ ರಾಮದುರ್ಗದಂಥವುಗಳಲ್ಲಿ.

ಈ ಸಂಖ್ಯೆಗಳ ಕ್ರಮದಲ್ಲೇ ಒಂದು ಇತಿಹಾಸ ಅಡಗಿದೆ ಎಂಬುದನ್ನು ಮೊದಲು ಹೇಳಬೇಕು. ಈಗಿನ ಪದ್ಧತಿ, ಅಂದರೆ ರಾಜ್ಯದ ಎರಡಕ್ಷರ, ಕಚೇರಿಯ ಸಂಖ್ಯೆ, ಸರಣಿಯ ಅಕ್ಷರ, ಕೊನೆಗೆ ನಾಲ್ಕಂಕಿ ಎಂಬ ವಿನ್ಯಾಸ, 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈ 1ರಂದು ಜಾರಿಗೆ ಬಂದ ಕಾಲದ್ದು. ಆಗ ಕರ್ನಾಟಕದ ಸಂಖ್ಯೆಗಳನ್ನು ವಿಭಾಗವಾರು ಹಂಚಲಾಯಿತು. ಕೆಎ-22ರ ಬೆಳಗಾವಿಯಿಂದ ಹಿಡಿದು ಚಿಕ್ಕೋಡಿ, ಬೈಲಹೊಂಗಲ, ಧಾರವಾಡ, ಗದಗ, ಹಾವೇರಿ, ವಿಜಯಪುರ, ಬಾಗಲಕೋಟೆ, ಕಾರವಾರ, ಕೆಎ-31ರ ಶಿರಸಿಯವರೆಗೆ ಒಂದೇ ಸಾಲು. ಅಂದರೆ ಬೆಳಗಾವಿ ವಿಭಾಗ. ಈ ಸಾಲಿನ ಹೆಚ್ಚುಕಡಿಮೆ ಎಲ್ಲ ಊರುಗಳೂ 1956ರ ನವೆಂಬರ್ 1ರವರೆಗೆ ಮುಂಬೈ ರಾಜ್ಯದಲ್ಲೇ ಇದ್ದವು. ಕೆಎ-32ರ ಕಲಬುರಗಿಯಿಂದ ಕೆಎ-39ರ ಭಾಲ್ಕಿಯವರೆಗಿನ ಸಾಲಿನಲ್ಲಿ, ನಡುವಿನ ಬಳ್ಳಾರಿ ಮತ್ತು ಹೊಸಪೇಟೆಯನ್ನು ಬಿಟ್ಟರೆ, ಉಳಿದವು ಹೈದರಾಬಾದ್ ಸಂಸ್ಥಾನದ ಊರುಗಳು. ಕೆಎ-19, 20, 21 ಮದ್ರಾಸಿನಿಂದ ಬಂದ ದಕ್ಷಿಣ ಕನ್ನಡದವು. ಹೀಗೆ ಏಕೀಕರಣಕ್ಕೆ ಮೊದಲಿನ ಗಡಿರೇಖೆಗಳು ಇವತ್ತಿನ ಕಾರುಗಳ ಬೆನ್ನ ಮೇಲೆ ಕಾಣುತ್ತವೆ. ಕೆಎ-40ರ ನಂತರ ಈ ಕ್ರಮ ಮುರಿಯುತ್ತದೆ. ಕಚೇರಿ ತೆರೆದಂತೆಲ್ಲ ಮುಂದಿನ ಸಂಖ್ಯೆ ಕೊಟ್ಟಿದ್ದಾರೆ. ಆದ್ದರಿಂದಲೇ ಹೊನ್ನಾವರದ ಕೆಎ-47ರ ಪಕ್ಕದಲ್ಲಿ ಜಮಖಂಡಿಯ ಕೆಎ-48 ನಿಂತಿದೆ.

ನನ್ನ ಭಾಗದಲ್ಲಿ, ಮಾಟುಂಗಾದಿಂದ ಸಾಯನ್‌ವರೆಗೆ, ಕೆಎ-19 ಮತ್ತು ಕೆಎ-20 ದಿನನಿತ್ಯದ ಸಂಗತಿ. ಮಂಗಳೂರು, ಉಡುಪಿಯಿಂದ ಬರುವ ರಾತ್ರಿ ಬಸ್ಸುಗಳು ಬೆಳಗಿನ ಹೊತ್ತು ಇದೇ ದಾರಿಯಲ್ಲಿ ಇರುತ್ತವೆ. ಕೆಎ-21ರ ಪುತ್ತೂರು ಅಪರೂಪಕ್ಕೆ, ಕೆಎ-70ರ ಬಂಟ್ವಾಳ ಇನ್ನೂ ಅಪರೂಪಕ್ಕೆ ಕಾಣುತ್ತದೆ. ಉಳಿದವರು ತಮ್ಮ ಭಾಗದ ಮಾಹಿತಿಯನ್ನು ಬರೆಯಬೇಕೆಂದು ಕೋರುತ್ತೇನೆ.

ಹಡಪ್ಸರ್ ವಾಸಿ:

ಪ್ರಸ್ತಾವ ಬಹಳ ಹಿಡಿಸಿತು. ಪುಣೆಯ ಅನುಕೂಲವೆಂದರೆ ಕರ್ನಾಟಕದಿಂದ ಬರುವ ಎರಡು ದೊಡ್ಡ ದಾರಿಗಳು ಇಲ್ಲಿಗೆ ಬೇರೆ ಬೇರೆ ದಿಕ್ಕಿನಿಂದ ಬಂದು ಸೇರುತ್ತವೆ. ಸತಾರಾ ಕಡೆಯ 48ನೇ ಹೆದ್ದಾರಿಯಲ್ಲಿ ಖೇಡ್ ಶಿವಾಪುರ ಟೋಲ್ ದಾಟಿ ಬರುವ ಗಾಡಿಗಳಲ್ಲಿ ಬೆಳಗಾವಿ, ಚಿಕ್ಕೋಡಿ, ಗೋಕಾಕ, ಹುಬ್ಬಳ್ಳಿ, ಹಾವೇರಿ, ದಾವಣಗೆರೆಯವು ಹೇರಳವಾಗಿ ಸಿಗುತ್ತವೆ. ಸೋಲಾಪುರ ಕಡೆಯ 65ನೇ ಹೆದ್ದಾರಿ ಹುಮನಾಬಾದ್, ಉಮರ್ಗಾ ಮಾರ್ಗವಾಗಿ ಬರುವುದರಿಂದ ಬೀದರಿನ ಕೆಎ-38, ಭಾಲ್ಕಿಯ ಕೆಎ-39, ಬಸವಕಲ್ಯಾಣದ ಕೆಎ-56 ಈ ಮೂರೂ ಹಡಪ್ಸರ್‌ನಲ್ಲೇ ಕಾಣಸಿಗುತ್ತವೆ. ವಿಜಯಪುರದ ಕೆಎ-28 ಕೂಡ ಸೋಲಾಪುರಕ್ಕೆ ಬಂದು ಇದೇ ದಾರಿ ಹಿಡಿಯುತ್ತದೆ. ಕಲ್ಯಾಣ ಕರ್ನಾಟಕದ ಸಂಕೇತಗಳನ್ನು ಹುಡುಕುವವರು ಮುಂಬೈಯಲ್ಲಿ ಕಾಯುವ ಬದಲು ಒಂದು ಭಾನುವಾರ ಇಲ್ಲಿಗೆ ಬರುವುದು ಲೇಸು.

ಹಿಂಜವಡಿಯ ವಿಚಾರ ಬೇರೆ. ಅಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಬಂದವರ ದ್ವಿಚಕ್ರ ವಾಹನಗಳಿರುವುದರಿಂದ ಹೆದ್ದಾರಿಯಲ್ಲಿ ಎಂದೂ ಕಾಣದ ಸಂಕೇತಗಳು ಸಿಗುತ್ತವೆ. ಊರಿನಿಂದ ರೈಲಿನಲ್ಲಿ ಬೈಕು ಹಾಕಿಸಿಕೊಂಡು ಬಂದವರಿಂದಾಗಿ ಹಾಸನ, ಚಿಕ್ಕಮಗಳೂರು, ತಿಪಟೂರಿನ ಫಲಕಗಳು ಅಲ್ಲಿನ ನಿಲುಗಡೆ ಜಾಗಗಳಲ್ಲಿ ಇವೆ.

ವಾಸ್ಕೋ ಬೈನಾ:

ಗೋವೆಯ ಕಡೆಯಿಂದ ನನ್ನ ಪಾಲು. ಇಲ್ಲಿಗೆ ಬೇಕಾಗುವ ತರಕಾರಿಯ ದೊಡ್ಡ ಭಾಗ ಬೆಳಗಾವಿಯಿಂದ ಬರುತ್ತದೆ. ಆದ್ದರಿಂದ ಚೋರ್ಲಾ ಘಾಟಿನ ಕೆಳಗೆ ನಸುಕಿನಲ್ಲಿ ನಿಂತರೆ ಕೆಎ-22 ಎಷ್ಟು ಬೇಕಾದರೂ ಸಿಗುತ್ತದೆ. ಅನಮೋಡ್ ಘಾಟಿನ ದಾರಿಯಲ್ಲಿ ಧಾರವಾಡದ ಕೆಎ-25, ಹುಬ್ಬಳ್ಳಿಯ ಕೆಎ-63, ದಾಂಡೇಲಿಯ ಕೆಎ-65 ಬರುತ್ತವೆ. ಪೊಳೆಂ ಗಡಿಯಲ್ಲಿ, ಅಂದರೆ ಆಚೆ ಬದಿಯ ಮಾಜಾಳಿಯಿಂದ ಬರುವ 66ನೇ ಹೆದ್ದಾರಿಯಲ್ಲಿ, ಕಾರವಾರದ ಕೆಎ-30 ಮತ್ತು ಹೊನ್ನಾವರದ ಕೆಎ-47 ಬರುತ್ತವೆ. ಶಿರಸಿಯ ಕೆಎ-31 ನನ್ನ ಪಟ್ಟಿಯಲ್ಲಿ ಸೇರಿದ್ದು ಪಣಜಿಯ ಕದಂಬ ಬಸ್ ನಿಲ್ದಾಣದಲ್ಲಿ.

ಸಾರಿಗೆ ಬಸ್ಸುಗಳ ಬಗ್ಗೆ ಹೊಸಬರಿಗೆ ಒಂದು ಮಾತು: ಕರ್ನಾಟಕದ ಸಾರಿಗೆ ನಿಗಮಗಳ ಬಸ್ಸುಗಳಲ್ಲಿ ಸರಣಿಯ ಅಕ್ಷರ ‘ಎಫ್’ ಆಗಿರುತ್ತದೆ, ಸರ್ಕಾರಿ ವಾಹನಗಳಲ್ಲಿ ‘ಜಿ’ ಆಗಿರುತ್ತದೆ. ಬಣ್ಣ ನೋಡದೆಯೇ ಅಕ್ಷರ ಒಂದರಿಂದ ಗುರುತಿಸಬಹುದು.

ಗೋವೆಯ ನಿಜವಾದ ಸಂಪತ್ತು ಮಾತ್ರ ಕಪ್ಪು ಫಲಕ. ಸ್ವತಃ ಓಡಿಸಲು ಬಾಡಿಗೆಗೆ ಕೊಡುವ ವಾಹನಗಳಿಗೆ ಕಪ್ಪು ಹಿನ್ನೆಲೆಯಲ್ಲಿ ಹಳದಿ ಅಕ್ಷರ ಇರಬೇಕೆಂಬುದು ನಿಯಮ. ಬೇರೆ ಊರುಗಳಲ್ಲಿ ಇದನ್ನು ಹುಡುಕಿಕೊಂಡು ಹೋಗಬೇಕು. ಇಲ್ಲಿ ಕಲಂಗುಟ್ ರಸ್ತೆಯ ಸ್ಕೂಟರುಗಳಲ್ಲಿ ಬಹುಪಾಲು ಕಪ್ಪು ಫಲಕದವೇ.

ವಾಶಿ ಮಾರುಕಟ್ಟೆ:

ಹಿರಿಯರಾದ ಮಾಟುಂಗಾದವರು ಬರೆದ ಇತಿಹಾಸದ ಭಾಗ ಓದಿ ಸಂತೋಷವಾಯಿತು. ಆದರೆ ಅದರ ಜೊತೆಗೆ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಫಲಕ ಹೇಳುವುದು ಗಾಡಿ ಎಲ್ಲಿ ನೋಂದಣಿಯಾಯಿತು ಎಂಬುದನ್ನೇ ಹೊರತು ಅದು ಎಲ್ಲಿಯದು ಎಂಬುದನ್ನಲ್ಲ. ನಾನು ಕೆಲಸ ಮಾಡುವ ಎಪಿಎಂಸಿಯ ಸುತ್ತಮುತ್ತ, ನ್ಹಾವಾ ಶೇವಾ ಬಂದರಿಗೆ ಹೋಗುವ ಟ್ರೇಲರುಗಳಲ್ಲಿ, ನಾಗಾಲ್ಯಾಂಡಿನ ಎನ್‌ಎಲ್‌-01 ಫಲಕ ಸಾಮಾನ್ಯ. ಆ ಗಾಡಿಗಳ ಮಾಲೀಕರೂ ಚಾಲಕರೂ ಕೊಹಿಮಾವನ್ನು ಕಂಡಿರಲಾರರು. ತೆರಿಗೆಯ ಹೊರೆ ಕಡಿಮೆ ಎಂಬ ಕಾರಣಕ್ಕೆ ಅಲ್ಲಿ ನೋಂದಣಿ ಮಾಡಿಸುತ್ತಾರೆ. ಬೆಂಗಳೂರು–ಮುಂಬೈ ಮಾರ್ಗದ ಸ್ಲೀಪರ್ ಬಸ್ಸುಗಳಲ್ಲಿ ಎನ್‌ಎಲ್ ಮತ್ತು ಎಆರ್ ಫಲಕ ಕಾಣುವುದೂ ಇದೇ ಕಾರಣಕ್ಕೆ. ಹಾಗಾಗಿ ಬಸ್ಸಿನೊಳಗೆ ಇಡೀ ಕುಂದಾಪುರವೇ ಕುಳಿತಿದ್ದರೂ ಫಲಕದಲ್ಲಿ ಅರುಣಾಚಲ ಪ್ರದೇಶ ಇರಬಹುದು.

ಇನ್ನೊಂದು ಉದಾಹರಣೆ ಮಹಾರಾಷ್ಟ್ರ ರಾಜ್ಯ ಸಾರಿಗೆ ನಿಗಮದ ಎಸ್‌ಟಿ ಬಸ್ಸುಗಳದು. ರತ್ನಾಗಿರಿಯಲ್ಲಿ ಓಡುವ ‘ಲಾಲ್ ಪರಿ’ ಎಂಬ ಕೆಂಪು ಬಸ್ಸಿಗೆ ಎಂಎಚ್‌-08 ಇರಬೇಕೆಂದು ಹೊಸ ವೀಕ್ಷಕರು ಭಾವಿಸುತ್ತಾರೆ. ಆದರೆ ನಿಗಮದ ಸ್ವಂತ ಕಾರ್ಯಾಗಾರಗಳಲ್ಲಿ ಕವಚ ಕಟ್ಟಿದ ಬಸ್ಸುಗಳು ಆಯಾ ಕಾರ್ಯಾಗಾರದ ಊರಿನಲ್ಲೇ ನೋಂದಣಿಯಾಗುತ್ತವೆ. ದಾಪೋಡಿಯಲ್ಲಿ ಕಟ್ಟಿದ್ದು ಪಿಂಪ್ರಿ-ಚಿಂಚವಾಡದ ಎಂಎಚ್‌-14, ಔರಂಗಾಬಾದಿನ (ಈಗಿನ ಛತ್ರಪತಿ ಸಂಭಾಜಿನಗರದ) ಚಿಕಲಠಾಣಾದಲ್ಲಿ ಕಟ್ಟಿದ್ದು ಎಂಎಚ್‌-20, ನಾಗಪುರದ ಹಿಂಗಣಾದಲ್ಲಿ ಕಟ್ಟಿದ್ದು ಎಂಎಚ್‌-40. ಎಸ್‌ಟಿ ಬಸ್ಸಿನ ಫಲಕವನ್ನು ಅದರ ಹುಟ್ಟೂರಾಗಿ ಓದಬೇಕು, ಅದರ ಡಿಪೋ ಆಗಿ ಅಲ್ಲ. ಇದು ಗೊತ್ತಾದ ಮೇಲೆ ದಾದರ್ ನಿಲ್ದಾಣದಲ್ಲಿ ಬಸ್ಸು ನೋಡುವ ಸೊಗಸೇ ಬೇರೆಯಾಗುತ್ತದೆ.

ದಹಿಸರ್ ನಾಕಾ:

ಕಾಯ್ದೆಯ ಒಂದು ಅಂಶ ಯಾರೂ ಹೇಳಲಿಲ್ಲ. ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿನ ಸಂಖ್ಯೆ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಬೇಕು. ಅಂದಮೇಲೆ ಮುಂಬೈಯಲ್ಲಿ ಕಾಣುವ ಪ್ರತಿಯೊಂದು ಕೆಎ ಫಲಕವೂ ಒಂದೋ ಹಾದುಹೋಗುವ ಗಾಡಿಯದು, ಇಲ್ಲವೇ ಇತ್ತೀಚೆಗೆ ಬಂದು ನೆಲೆಸಿದವರದು. ಬೋರಿವಲಿಯಲ್ಲಿ ಮನೆ ಮಾಡಿದವರ ಕೆಎ-20 ಒಂದು ದಿನ ಎಂಎಚ್‌-47 ಆಗುತ್ತದೆ. ಗಾಡಿ ಅದೇ, ಓಡಿಸುವವರೂ ಅವರೇ, ಹಳೆಯ ಸಂಖ್ಯೆ ಮಾತ್ರ ಇನ್ನಿಲ್ಲ. ಆದ್ದರಿಂದ ಕಂಡ ಸಂಕೇತದ ಜೊತೆ ತಿಂಗಳು ಮತ್ತು ಇಸವಿಯನ್ನು ಬರೆದಿಡುವುದು ಅಗತ್ಯ.

ಬಿಎಚ್ (ಭಾರತ್) ಸರಣಿಯನ್ನೂ ಇಲ್ಲಿ ನೆನೆಯಬೇಕು. 2021ರ ಸೆಪ್ಟೆಂಬರ್ 15ರಿಂದ ಜಾರಿಯಾದ ಈ ಸರಣಿಯಲ್ಲಿ ಮೊದಲು ನೋಂದಣಿಯ ಇಸವಿಯ ಎರಡಂಕಿ, ಆಮೇಲೆ ಬಿಎಚ್, ನಾಲ್ಕಂಕಿ, ಕೊನೆಗೆ ಅಕ್ಷರಗಳು ಬರುತ್ತವೆ. ರಕ್ಷಣಾ ಪಡೆಯವರು, ಸರ್ಕಾರಿ ನೌಕರರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ಉದ್ಯೋಗಿಗಳು ಇದನ್ನು ಪಡೆಯಬಹುದು. ವರ್ಗಾವಣೆಯ ಜೀವನ ನಡೆಸುವವರಿಗೆ ಇದರಿಂದ ನಿಜವಾದ ಉಪಕಾರವಾಗಿದೆ. ನಮ್ಮ ಹವ್ಯಾಸಕ್ಕೆ ಮಾತ್ರ ಇದರಿಂದ ನಷ್ಟ. ಊರು ಯಾವುದೆಂದು ಆ ಫಲಕ ಹೇಳುವುದೇ ಇಲ್ಲ.

ಮಾಟುಂಗಾ ಪೂರ್ವ:

ದಹಿಸರ್‌ನವರ ಸಲಹೆಯನ್ನು ಒಪ್ಪುತ್ತೇನೆ. ತಿಂಗಳು, ಇಸವಿ, ಸ್ಥಳ ಮೂರನ್ನೂ ಬರೆಯೋಣ. ವಾಶಿಯವರ ಎಚ್ಚರಿಕೆಯನ್ನೂ ಒಪ್ಪುತ್ತೇನೆ. ಹಾಗಿದ್ದರೂ ಖಾಸಗಿ ಕಾರು ಮತ್ತು ಬೈಕಿನ ಮಟ್ಟಿಗೆ ಫಲಕಕ್ಕೂ ಊರಿಗೂ ಇರುವ ನಂಟು ಇನ್ನೂ ಗಟ್ಟಿಯಾಗಿದೆ ಎಂಬುದು ನನ್ನ ಅಭಿಪ್ರಾಯ. ಕೆಎ-15 ಹೊತ್ತ ಒಂದು ಹಳೆಯ ಜೀಪು ಕಿಂಗ್ಸ್ ಸರ್ಕಲ್ ಬಳಿ ನಿಂತಿದ್ದರೆ ಅದರಲ್ಲಿ ಬಂದವರು ಸಾಗರದ ಕಡೆಯವರೇ ಆಗಿರುವ ಸಾಧ್ಯತೆ ಹೆಚ್ಚು, ಮಾತಾಡಿಸಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ. ಲಾರಿ ಮತ್ತು ಬಸ್ಸುಗಳಿಗೆ ಬೇರೆ ಪಟ್ಟಿ, ಖಾಸಗಿ ವಾಹನಗಳಿಗೆ ಬೇರೆ ಪಟ್ಟಿ ಇಡುವುದು ಒಳ್ಳೆಯದು.

ಡೊಂಬಿವಲಿ ಓದುಗಿ:

ನನ್ನ ಮಗಳು ಈ ಹವ್ಯಾಸದಿಂದಲೇ ಕರ್ನಾಟಕದ ತಾಲ್ಲೂಕುಗಳ ಹೆಸರನ್ನು ಕಲಿತಿದ್ದಾಳೆ. ಇಲ್ಲಿ ಹುಟ್ಟಿ ಬೆಳೆದು ಊರನ್ನು ರಜೆಯಲ್ಲಿ ಮಾತ್ರ ಕಾಣುವ ಮಕ್ಕಳಿಗೆ ಭೂಪಟ ತೋರಿಸಿ ಪಾಠ ಹೇಳುವುದಕ್ಕಿಂತ ಇದು ಚೆನ್ನಾಗಿ ನಾಟುತ್ತದೆ. ಈಗ ಅವಳಿಗೆ ತರೀಕೆರೆ ಕೆಎ-66, ರಾಣೆಬೆನ್ನೂರು ಕೆಎ-68 ಎಂದು ಬಾಯಿಪಾಠ. ಹಾಗಾಗಿ ಈ ಚರ್ಚೆಯ ಉದ್ದೇಶಕ್ಕೆ ನನ್ನ ಪೂರ್ಣ ಬೆಂಬಲವಿದೆ.

ಆದರೆ ಛಾಯಾಚಿತ್ರಗಳ ವಿಷಯದಲ್ಲಿ ನನಗೆ ಗಂಭೀರವಾದ ಆಕ್ಷೇಪವಿದೆ. ಕೆಲವರು ತಾವು ಕಂಡ ಗಾಡಿಯ ಪೂರ್ತಿ ಸಂಖ್ಯೆಯನ್ನು ಚಿತ್ರಸಹಿತ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ಸಂಖ್ಯೆ ಗೊತ್ತಾದರೆ ಸಾರಿಗೆ ಇಲಾಖೆಯ ಆ್ಯಪ್‌ನಲ್ಲಿ ವಾಹನದ ಮಾದರಿ, ನೋಂದಣಿಯ ದಿನಾಂಕ, ವಿಮೆಯ ಅವಧಿ ಎಲ್ಲವೂ ಸಿಗುತ್ತವೆ. ಅದರ ಜೊತೆಗೆ ಗಾಡಿ ಯಾವ ಕಟ್ಟಡದ ಮುಂದೆ, ಯಾವ ಹೊತ್ತಿನಲ್ಲಿ ನಿಂತಿತ್ತು ಎಂಬುದನ್ನು ನಾವೇ ಬರೆದು ಕೊಟ್ಟರೆ, ಒಬ್ಬಂಟಿಯಾಗಿ ಇಲ್ಲಿಗೆ ಬಂದು ಕೆಲಸ ಮಾಡುವ ಹೆಣ್ಣುಮಕ್ಕಳ ಸ್ಕೂಟರನ್ನು ಪತ್ತೆ ಹಚ್ಚಲು ಯಾರಿಗೋ ನೆರವಾದಂತೆ. ನಮಗೆ ಬೇಕಾಗಿರುವುದು ರಾಜ್ಯ ಮತ್ತು ಕಚೇರಿಯ ಸಂಕೇತ, ಹೆಚ್ಚೆಂದರೆ ಸರಣಿಯ ಅಕ್ಷರ. ಕೊನೆಯ ನಾಲ್ಕಂಕಿಯನ್ನು ಬರೆಯದಿರೋಣ, ಚಿತ್ರದಲ್ಲಿ ಅಳಿಸೋಣ, ಸ್ಥಳವನ್ನು ಬಡಾವಣೆಯ ಮಟ್ಟಕ್ಕೆ ನಿಲ್ಲಿಸೋಣ. ಇದನ್ನು ಸಲಹೆಯಾಗಿ ಅಲ್ಲ, ನಿಯಮವಾಗಿಯೇ ಸ್ವೀಕರಿಸಬೇಕೆಂದು ಆಗ್ರಹಿಸುತ್ತೇನೆ.

ಹಡಪ್ಸರ್ ವಾಸಿ:

ಓದುಗಿಯವರ ಮಾತಿಗೆ ನನ್ನ ಸಹಮತವಿದೆ. ಇದಕ್ಕೆ ಸೇನಾ ವಾಹನಗಳನ್ನೂ ಸೇರಿಸಬೇಕು. ಪುಣೆ ಭೂಸೇನೆಯ ದಕ್ಷಿಣ ಕಮಾಂಡಿನ ಕೇಂದ್ರವಾದ್ದರಿಂದ ಮೇಲ್ಮುಖ ಬಾಣದ ಗುರುತಿನ ಫಲಕಗಳು ಇಲ್ಲಿ ದಿನವೂ ಕಾಣುತ್ತವೆ. ಬಾಣದ ನಂತರದ ಎರಡಂಕಿ ಇಸವಿಯನ್ನು ಸೂಚಿಸುತ್ತದೆ ಎಂಬಷ್ಟನ್ನು ತಿಳಿದು ಸಂತೋಷಪಟ್ಟರೆ ಸಾಕು. ಅವುಗಳ ಚಿತ್ರ ತೆಗೆಯುವುದಾಗಲಿ, ಸಂಖ್ಯೆ ಬರೆದಿಡುವುದಾಗಲಿ ಬೇಡವೇ ಬೇಡ.

ಮಡಗಾಂವ್ ವಿದ್ಯಾರ್ಥಿ:

ಫಲಕಗಳನ್ನೇ ಸಂಗ್ರಹಿಸುವವರು ನಮ್ಮಲ್ಲಿ ಇದ್ದಾರೆಯೇ? ಅಮೆರಿಕದಲ್ಲಿ ಅಂಥವರ ಸಂಘ 1954ರಿಂದಲೇ ಇದೆ ಎಂದು ಓದಿದ್ದೇನೆ. ಹಳೆಯ ಫಲಕಗಳನ್ನು ಗುಜರಿಯಿಂದ ಕೊಳ್ಳಬಹುದೇ ಎಂಬುದನ್ನು ಹಿರಿಯರು ತಿಳಿಸಬೇಕು.

ದಹಿಸರ್ ನಾಕಾ:

ಅಮೆರಿಕದ ಹಲವು ರಾಜ್ಯಗಳಲ್ಲಿ ಹಿಂದೆ ವರ್ಷ ವರ್ಷವೂ ಹೊಸ ಫಲಕ ಕೊಡುತ್ತಿದ್ದುದರಿಂದ ಹಳೆಯವು ಸಂಗ್ರಾಹಕರ ಕೈಗೆ ಬಂದವು. ನಮ್ಮಲ್ಲಿ ರಾಜ್ಯ ಬದಲಾಗದಿದ್ದರೆ ಒಂದು ಗಾಡಿಗೆ ಒಂದೇ ಸಂಖ್ಯೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಕಡ್ಡಾಯವಾದ, ಅತಿ ಸುರಕ್ಷತೆಯ ಎಚ್‌ಎಸ್‌ಆರ್‌ಪಿ ಫಲಕವನ್ನಂತೂ ಬಿಚ್ಚಿ ಇಟ್ಟುಕೊಳ್ಳುವಂತಿಲ್ಲ. ಅದರ ಬೀಗ ಒಮ್ಮೆ ಕೂಡಿಸಿದರೆ ಮುರಿಯದೆ ಬರುವುದಿಲ್ಲ, ಹಾಳಾದ ಫಲಕವನ್ನು ಹಿಂದಿರುಗಿಸಬೇಕು. ಚಾಲ್ತಿಯಲ್ಲಿರುವ ಸಂಖ್ಯೆಯ ಫಲಕ ಅನ್ಯರ ಕೈಯಲ್ಲಿದ್ದರೆ ಅದನ್ನು ಬೇರೆ ಗಾಡಿಗೆ ಹಾಕುವ ಅಪಾಯವೂ ಇದೆ. ಆದ್ದರಿಂದ ಗುಜರಿಯಿಂದ ಕೊಳ್ಳುವ ಯೋಚನೆಯನ್ನು ಬಿಡಿ. ನಿಮ್ಮ ಮನೆಯ ಗಾಡಿಗೆ ಎಚ್‌ಎಸ್‌ಆರ್‌ಪಿ ಹಾಕಿಸಿದಾಗ ಕಳಚಿದ ಹಳೆಯ ಬಣ್ಣದ ಫಲಕವಿದ್ದರೆ ಅದನ್ನು ಮನೆಯಲ್ಲೇ ಜೋಪಾನವಾಗಿಡಿ.

ಎಚ್‌ಎಸ್‌ಆರ್‌ಪಿ ಬಂದ ಮೇಲೆ ನೋಡಲು ಏನೂ ಉಳಿದಿಲ್ಲ ಎನ್ನುವವರಿದ್ದಾರೆ. ನಾನು ಹಾಗೆ ಭಾವಿಸುವುದಿಲ್ಲ. ಎಡಬದಿಯ ಅಶೋಕ ಚಕ್ರದ ಹೊಲೊಗ್ರಾಮ್, ಅದರ ಕೆಳಗಿನ ನೀಲಿಯ ‘ಐಎನ್‌ಡಿ’, ಲೇಸರಿನಲ್ಲಿ ಕೊರೆದ ಹತ್ತು ಅಕ್ಷರಾಂಕೆಗಳ ಗುರುತು, ಅಕ್ಷರಗಳ ಮೇಲೆ ಓರೆಯಾಗಿ ಮೂಡಿದ ದೇಶದ ಹೆಸರು, ಇವನ್ನು ಹತ್ತಿರದಿಂದ ನೋಡಿ. ಮುಂದಿನ ಗಾಜಿಗೆ ಅಂಟಿಸುವ ಮೂರನೇ ಫಲಕದಲ್ಲಿ ಇಂಧನದ ಬಣ್ಣವಿದೆ: ಪೆಟ್ರೋಲ್ ಮತ್ತು ಸಿಎನ್‌ಜಿಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ. ಬಿಎಸ್-6 ಹೊಗೆ ಮಾನದಂಡದ ಗಾಡಿಯಾದರೆ ಅದರ ಮೇಲೆ ಒಂದು ಹಸಿರು ಪಟ್ಟಿ.

ಗಿರಗಾಂವ್ ಹಳಬ:

ಹಳೆಯ ಕಾಲದ ಬಗ್ಗೆ ನಾನು ಬರೆಯಬೇಕು. 1989ಕ್ಕೆ ಮೊದಲು ಮುಂಬೈಯ ಗಾಡಿಗಳಲ್ಲಿ ಬಿಎಂ, ಎಂಎಂ, ಎಂಆರ್ ಎಂದು ಆರಂಭವಾಗುವ ಮೂರಕ್ಷರ, ನಾಲ್ಕಂಕಿ ಇರುತ್ತಿದ್ದವು. ನಮ್ಮ ಕಡೆಯಿಂದ ಬರುತ್ತಿದ್ದವುಗಳಲ್ಲಿ ಮೈಸೂರು ರಾಜ್ಯದ ಎಂವೈ ಕಾಣುತ್ತಿತ್ತು. ರಾಜ್ಯದ ಹೆಸರು 1973ರಲ್ಲಿ ಕರ್ನಾಟಕವೆಂದಾದರೂ ಆ ಹಳೆಯ ಫಲಕಗಳು ಗಾಡಿಯ ಆಯುಷ್ಯ ಇರುವವರೆಗೂ ಉಳಿದವು. ಗೋವೆ, ದಮನ್, ದೀವ್ ಒಂದಾಗಿದ್ದ ಕಾಲದ ಜಿಡಿ ಕೂಡ ಹಾಗೆಯೇ. ಇಂಥವು ಈಗ ಸಿಗುವುದು ಹಳೆಯ ಕಾರುಗಳ ಮೆರವಣಿಗೆಯಲ್ಲಿ. 50 ವರ್ಷ ಮೀರಿದ ವಾಹನಗಳಿಗಾಗಿ 2021ರಲ್ಲಿ ಬಂದ ನಿಯಮದಲ್ಲಿ ‘ವಿಎ’ ಎಂಬ ಹೊಸ ಸರಣಿಯಿದೆ. ಆದರೆ ಆಗಲೇ ನೋಂದಣಿಯಾಗಿರುವ ಹಳೆಯ ಗಾಡಿ ತನ್ನ ಮೂಲ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದೆಂಬುದು ಅದರಲ್ಲಿನ ಬಹಳ ಒಳ್ಳೆಯ ಅಂಶ.

ನಮ್ಮ ಕಣ್ಣೆದುರೇ ಅಳಿದ ಸಂಕೇತಗಳೂ ಇವೆ. ಒಡಿಶಾದ ಓಆರ್ ಓಡಿ ಆಯಿತು, ಉತ್ತರಾಖಂಡದ ಯುಎ ಯುಕೆ ಆಯಿತು, ತೆಲಂಗಾಣದ ಟಿಎಸ್ 2024ರಲ್ಲಿ ಟಿಜಿ ಆಯಿತು. ಹತ್ತೇ ವರ್ಷ ಬಾಳಿದ ಟಿಎಸ್ ಸಂಕೇತವನ್ನು ಈಗಲೇ ಬರೆದಿಡುವುದು ಒಳಿತು. ಇದಕ್ಕಿಂತ ನನಗೆ ನೋವು ತಂದದ್ದು ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ನಿರ್ಗಮನ. ಅಂಥ ಕೊನೆಯ ಕಪ್ಪು-ಹಳದಿ ಟ್ಯಾಕ್ಸಿ (ಕಾಲಿ-ಪೀಲಿ) ತಾಡದೇವ್ ಕಚೇರಿಯಲ್ಲಿ 2003ರ ಅಕ್ಟೋಬರ್ 29ರಂದು ಎಂಎಚ್‌-01 ಜೆಎ ಸರಣಿಯಲ್ಲಿ ನೋಂದಣಿಯಾಗಿತ್ತು. ಮುಂಬೈಯಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರಿನಲ್ಲಿ ಅದೂ ಹೋಯಿತು. ಆ ಗಾಡಿಗಳ ಹಿಂದೆ ಕೈಬರಹದಲ್ಲಿ ಬರೆದ ಅಂಕಿಗಳಲ್ಲಿ ಒಂದೊಂದು ಬೀದಿಯ ಪೇಂಟರನ ಕೈಚಳಕವಿತ್ತು.

ಡೊಂಬಿವಲಿ ಓದುಗಿ:

ಕನ್ನಡ ಅಂಕಿಯ ಫಲಕಗಳನ್ನು ಹೇಗೆ ಪರಿಗಣಿಸಬೇಕು? ಮರಾಠಿ ಅಂಕಿಯವು ಇಲ್ಲಿ ಬೇಕಾದಷ್ಟಿದ್ದವು.

ಮಾಟುಂಗಾ ಪೂರ್ವ:

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಇಂಗ್ಲಿಷ್ ಅಕ್ಷರ ಮತ್ತು ಅರೇಬಿಕ್ ಅಂಕಿ ಮಾತ್ರ ಸಿಂಧು. ಕನ್ನಡ ಅಂಕಿಯ ಮೇಲೆ ನನಗೆ ಅಪಾರ ಪ್ರೀತಿಯಿದೆ; ಆದರೆ ಅಪಘಾತ ನಡೆದು ಓಡಿಹೋಗುವ ಗಾಡಿಯ ಸಂಖ್ಯೆಯನ್ನು ಪರರಾಜ್ಯದ ದಾರಿಹೋಕರೂ ಓದುವಂತಿರಬೇಕು ಎಂಬ ಕಾರಣ ಬಲವಾದದ್ದು. 4141 ಅನ್ನು ದೇವನಾಗರಿಯ ‘ದಾದಾ’ ಎಂದು ಓದುವಂತೆ ತಿದ್ದುವವರ ಬಗ್ಗೆಯೂ ಇದೇ ಮಾತು. ಹಳೆಯ ಗಾಡಿಯಲ್ಲಿ ಕನ್ನಡ ಅಂಕಿ ಕಂಡರೆ ಬೇರೆ ಕಾಲಮಿನಲ್ಲಿ ಬರೆಯೋಣ, ಹಾಕಿಸಿಕೊಳ್ಳಿ ಎಂದು ಯಾರಿಗೂ ಹೇಳದಿರೋಣ.

ಈವರೆಗೆ ಬಂದ ಮಾಹಿತಿಯನ್ನು ಜೋಡಿಸಿ ನೋಡಿದಾಗ ಬೆಳಗಾವಿ ವಿಭಾಗದ ಸಾಲು ತುಂಬಿದೆ, ಕಲಬುರಗಿಯ ಸಾಲಿನಲ್ಲಿ ಯಾದಗಿರಿಯ ಕೆಎ-33 ಮತ್ತು ಕೊಪ್ಪಳದ ಕೆಎ-37 ಬಾಕಿ. ಕರಾವಳಿ ಪೂರ್ಣ. ಹಳೆಯ ಮೈಸೂರಿನಲ್ಲಿ ಚಾಮರಾಜನಗರದ ಕೆಎ-10, ನಾಗಮಂಗಲದ ಕೆಎ-54, ಹುಣಸೂರಿನ ಕೆಎ-45, ಕೆಜಿಎಫ್‌ನ ಕೆಎ-08, ಚಿಂತಾಮಣಿಯ ಕೆಎ-67 ಇನ್ನೂ ಯಾರಿಗೂ ಕಂಡಿಲ್ಲ. ಮೂಲೆಯ ತಾಲ್ಲೂಕುಗಳಿಂದ ಇಷ್ಟು ದೂರಕ್ಕೆ ಗಾಡಿ ತರುವವರು ಕಡಿಮೆ.

ವಾಶಿ ಮಾರುಕಟ್ಟೆ:

ಕೋಲಾರದ ಕಡೆಯವನ್ನು ನನಗೆ ಬಿಡಿ. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು. ನಾರಾಯಣಗಾಂವ್ ಮತ್ತು ನಾಸಿಕ್ ಕಡೆಯ ಟೊಮೆಟೊ ಕಡಿಮೆಯಾದಾಗ ಅಲ್ಲಿನ ಲಾರಿಗಳು ಉತ್ತರಕ್ಕೆ ಬರುತ್ತವೆ. ಕೆಎ-07ರ ಜೊತೆ ಕೆಎ-08, ಕೆಎ-67 ಇರುವ ಸಂಭವ ಹೆಚ್ಚು. ಲಾರಿಯ ಪಟ್ಟಿಗೆ ಅವು ಸಲ್ಲುತ್ತವೆ. ಬ್ಯಾಡಗಿ ಮೆಣಸಿನಕಾಯಿ ಬರುವ ಮಸಾಲಾ ಮಾರುಕಟ್ಟೆಯ ಗೇಟಿನಲ್ಲಿ ಕೊಪ್ಪಳವನ್ನೂ ಹುಡುಕುತ್ತೇನೆ. ನಾಗಮಂಗಲ, ಹುಣಸೂರುಗಳಿಗೆ ಹಿಂಜವಡಿಯ ಬೈಕುಗಳೇ ದಾರಿ. ಅದನ್ನು ಹಡಪ್ಸರ್‌ನವರು ನೋಡಿಕೊಳ್ಳಲಿ. ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಪುಣೆ, ಮುಂಬೈಗೆ ಬರುವವರು ಬಹಳ ಮಂದಿ ಇದ್ದಾರೆ, ಆದರೆ ಅವರು ರೈಲಿನಲ್ಲಿ ಬರುತ್ತಾರೆ. ಆದ್ದರಿಂದ ಕೆಎ-33ನ್ನು ಹೊಸ ಕಟ್ಟಡಗಳ ಬಳಿ ನಿಂತಿರುವ ಜೆಸಿಬಿ ಮತ್ತು ಟಿಪ್ಪರುಗಳಲ್ಲಿ ನೋಡುವುದು ಮೇಲು.